ಓಲೆಯ ಎರಡು ಪ್ರತಿಗಳು

ಮಠದ ಪೆಟ್ಟಿಗೆಯಲ್ಲಿ ಮೂಲ ಓಲೆಗರಿ ಇರುವುದು ಒಂದು ಮಾತು, ಅದರಿಂದ ಎಷ್ಟು ಪ್ರತಿಗಳನ್ನು ಎತ್ತಿದರೆಂಬುದು ಇನ್ನೊಂದು. ನಮ್ಮ ಜೀವಕೋಶಗಳಲ್ಲಿಯೂ ವಂಶವಾಹಿಯೆಂಬ ಮೂಲವು ಎಲ್ಲೆಡೆ ಒಂದೇ ಆಗಿದ್ದು, ಅದರಿಂದ ಆರ್‌ಎನ್‌ಎ ರೂಪದ ಪ್ರತಿಗಳು ಎಲ್ಲಿ ಎಷ್ಟು ಹೊರಡುತ್ತವೆಂಬುದನ್ನೇ ವಿಜ್ಞಾನಿಗಳು ಅದರ ಅಭಿವ್ಯಕ್ತಿಯೆನ್ನುತ್ತಾರೆ.

ಸ್ಕಿಜೋಫ್ರೀನಿಯಾ ಎಂಬ ದಾರುಣ ಚಿತ್ತವಿಕಲತೆಗೆ 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನನ್ನು ಕೊಟ್ಟು ಭ್ರಮೆಗಳ ಉಬ್ಬರವಿಳಿಯುವುದನ್ನು ಕಂಡರಾದರೂ, ಅದು ಮಿದುಳಿನಲ್ಲಿ ಎಲ್ಲಿ ಹೋಗಿ ನಾಟುವುದೆಂಬುದು ಅವರಿಗೆ ತಿಳಿದಿರಲಿಲ್ಲ. 1970ರ ದಶಕದ ನಡುವೆ ಟೊರಾಂಟೊದ ಫಿಲಿಪ್ ಸೀಮನ್, ನರಕೋಶಗಳ ನಡುವೆ ಸಂದೇಶವೊಯ್ಯುವ ಡೋಪಮೀನೆಂಬ ರಾಸಾಯನಿಕದ ಗ್ರಾಹಕಕ್ಕೆ ಹೆಚ್ಚು ಬಿಗಿಯಾಗಿ ಅಂಟುವ ಮದ್ದೇ ಅಲ್ಪಪ್ರಮಾಣದಲ್ಲಿ ಫಲಿಸುವುದೆಂದು ತೋರಿಸಿದರು. ಡಿ2 ಎಂದು ಹೆಸರಾದ ಈ ಗ್ರಾಹಕವು ರೋಗಿಗಳಲ್ಲಿ ವಿಪುಲವಾಗಿರಬೇಕೆಂದು ಊಹಿಸಿ ಮೃತರ ಮಿದುಳುಗಳನ್ನು ಪರೀಕ್ಷಿಸಿದಾಗ, ಅದು ವಿಪುಲವಾಗಿಯೇ ಕಂಡಿತು. ಆದರೆ ರೋಗದ ಸುಳಿವೇ ಇಲ್ಲದ ಇಲಿಗಳಿಗೆ ಅವೇ ಮದ್ದುಗಳನ್ನು ವಾರಗಟ್ಟಲೆ ಉಣಿಸಿದರೂ ಗ್ರಾಹಕಗಳು ಹೆಚ್ಚಿದವು! ಕಂಡದ್ದು ರೋಗದ ಗುರುತೋ, ಮದ್ದಿನ ಗುರುತೋ? ಮದ್ದನ್ನೇ ಮುಟ್ಟದ ರೋಗಿಗಳ ಮಿದುಳಿನ ಚಿತ್ರಣದಲ್ಲಿ 1986ರ ಅಮೆರಿಕದ ತಂಡವು ಹೆಚ್ಚಳವನ್ನು ಕಂಡರೆ, 1990ರ ಸ್ವೀಡನ್ನಿನ ತಂಡವು ಕಾಣಲಿಲ್ಲ. ಗ್ರಾಹಕಗಳನ್ನು ಎಣಿಸುವ ಈ ಹಾದಿಯಲ್ಲಿ ಇನ್ನು ಬಹುದೂರ ಹೋಗಲಾಗದೆಂದು ನನಗೆ ತೋರುತ್ತದೆ.

ಹಾಗಾದರೆ ಗ್ರಾಹಕವನ್ನು ಬಿಟ್ಟು ಅದರ ಮೂಲ ಓಲೆಯತ್ತ ತಿರುಗೋಣ. ಡಿ2ರ ವಂಶವಾಹಿಯು ಹನ್ನೊಂದನೆಯ ವರ್ಣತಂತುವಿನಲ್ಲಿದೆ. ಅದನ್ನು ನಕಲಿಸುವ ಲಿಪಿಕಾರನು ಕೆಲವೊಮ್ಮೆ ಒಂದು ಖಂಡವನ್ನು ಬಿಟ್ಟುಬಿಡುವನು. ಹಾಗಾಗಿ ಒಂದೇ ಮೂಲದಿಂದ ದೀರ್ಘವೆಂದೂ ಹ್ರಸ್ವವೆಂದೂ ಎರಡು ಪಾಠಗಳು ಹುಟ್ಟುತ್ತವೆ. ಅಂತರವು ಕೇವಲ 29 ಅಮೈನೋ ಆಮ್ಲಗಳದು, ಕಾರ್ಯದಲ್ಲಾದರೋ ಅಜಗಜಾಂತರ. ದೀರ್ಘವು ಬಹುಮಟ್ಟಿಗೆ ಡೋಪಮೀನನ್ನು ಸ್ವೀಕರಿಸುವ ನರಕೋಶದಲ್ಲಿ ಕುಳಿತು ಸಂದೇಶವನ್ನು ಆಲಿಸಿದರೆ, ಹ್ರಸ್ವವು ಡೋಪಮೀನನ್ನು ಸ್ರವಿಸುವ ಕೋಶದಲ್ಲಿಯೇ ಕುಳಿತು, ಸ್ರಾವವು ಮಿತಿಮೀರಿದಾಗ ಲಗಾಮೆಳೆಯುತ್ತದೆ.

ಬಾಲ್ಟಿಮೋರಿನ ಲೀಬರ್ ಸಂಸ್ಥೆಯವರು, 443 ಮಂದಿ ಮೃತರ ಮಿದುಳಿನ ಆಳದಲ್ಲಿ ಬಾಲದಂತೆ ಬಾಗಿರುವ ಕಾಡೇಟ್ ನ್ಯೂಕ್ಲಿಯಸ್ಸಿನಿಂದ ಆರ್‌ಎನ್‌ಎ ತೆಗೆದು ಓದಿ, ಅದನ್ನು ವಂಶಾನುಗತವಾದ ಅಪಾಯದೊಡನೆ ತಾಳೆನೋಡಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿನಿಂದ ಬಂದ ವಂಶವಾಹಿಯನ್ನು ಮದ್ದು ಬದಲಿಸಲಾರದಷ್ಟೆ. ಆದ್ದರಿಂದಲೇ ಈ ತಾಳೆಯು ಹಳೆಯ ತೊಡಕಿಗೆ ಸಿಕ್ಕದೆ ಹೋಗುತ್ತದೆ. ರೋಗದ ಅಪಾಯವು ಕೂಡಿಕೊಂಡಿದ್ದುದು ದೀರ್ಘಪಾಠದ ಹೆಚ್ಚಳದೊಡನಲ್ಲ, ಹ್ರಸ್ವಪಾಠದ ಕೊರತೆಯೊಡನೆ; ಎಂದರೆ ಆಲಿಸುವ ಕಿವಿ ಚುರುಕಾದುದಕ್ಕಿಂತ ಲಗಾಮು ಸಡಿಲವಾದುದೇ ರೋಗದ ಬೀಜವಿರಬಹುದು. ಇಂದು ಬಳಕೆಯಲ್ಲಿರುವ ಡಿ2 ತಡೆಮದ್ದುಗಳು ಕಿವಿಯಾವುದು ಲಗಾಮಾವುದೆಂದು ಅರಿಯದೆ ಎರಡನ್ನೂ ಕೂಡಿಯೇ ಅದುಮುತ್ತವೆ.