ಬೆಳ್ಳಗಿರುವುದೆಲ್ಲ ಹಾಲಲ್ಲ: ನ್ಯುಮೋನಿಯಾ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಗುರುತಿಸೋದು ಹೇಗೆ?

ಮನೇಲಿ ಯಾರಿಗಾದ್ರೂ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ರೆ, ಕಫ ಅಥವಾ ರಕ್ತವನ್ನು ಕಲ್ಚರ್‌ಗೆ ಕಳಿಸ್ತಾರೆ. ರಿಪೋರ್ಟ್ ಬರೋಕೆ ಎರಡು ಮೂರು ದಿನ ಬೇಕು. ಅಷ್ಟು ಹೊತ್ತು ಲ್ಯಾಬ್‌ನಲ್ಲಿ ಏನು ನಡೆಯುತ್ತೆ? ಇವತ್ತು ಅದನ್ನೇ ನೋಡೋಣ.

ನ್ಯುಮೋನಿಯಾಕ್ಕೆ ಒಂದು ಮುಖ್ಯ ಕಾರಣ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೇ, ಅಂದರೆ ನ್ಯುಮೋಕಾಕಸ್. ಇದೇ ಬ್ಯಾಕ್ಟೀರಿಯಾ ಮಿದುಳು ಪೊರೆಯ ಸೋಂಕನ್ನೂ ತರಬಲ್ಲದು. ಇದಕ್ಕೊಬ್ಬ ದಾಯಾದಿ ಇದ್ದಾನೆ, ಸ್ಟ್ರೆಪ್ಟೋಕಾಕಸ್ ಮೈಟಿಸ್. ಅವನು ನಮ್ಮೆಲ್ಲರ ಬಾಯಿ, ಗಂಟಲಲ್ಲಿ ಸಾಮಾನ್ಯವಾಗಿ ತಂಟೆ ಮಾಡದೆ ಇರುತ್ತಾನೆ. ಕಫ ಗಂಟಲು ದಾಟಿಯೇ ಹೊರಗೆ ಬರಬೇಕಲ್ವಾ? ಹಾಗಾಗಿ ಒಂದೇ ಸ್ಯಾಂಪಲ್‌ನಲ್ಲಿ ಇಬ್ಬರೂ ಸಿಗಬಹುದು.

ಕುರಿಯ ರಕ್ತ ಬೆರೆಸಿದ ತಟ್ಟೆಯ ಮೇಲೆ ಸ್ಯಾಂಪಲ್ ಹಚ್ಚಿ, ಒಂದು ರಾತ್ರಿ ಇನ್‌ಕ್ಯುಬೇಟರ್‌ನಲ್ಲಿ ಇಡ್ತಾರೆ. ಬೆಳಗ್ಗೆ ನೋಡಿದರೆ ಇಬ್ಬರ ಸುತ್ತಲೂ ಒಂದೇ ಥರದ ಹಸಿರು ಛಾಯೆ! ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತೀವಲ್ಲ, ಹಾಗೆ ಇಲ್ಲಿ ಹಸಿರಾಗಿರುವುದೆಲ್ಲ ನ್ಯುಮೋಕಾಕಸ್ ಅಲ್ಲ.

ಮುಂದಿನ ಹೆಜ್ಜೆ ಆಪ್ಟೋಚಿನ್ ಟೆಸ್ಟ್. ಆಪ್ಟೋಚಿನ್ ಸವರಿದ 6 ಮಿ.ಮೀ. ಅಗಲದ ಪುಟ್ಟ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲೆ ಇಡ್ತಾರೆ. ನ್ಯುಮೋಕಾಕಸ್‌ಗೆ ಆ ರಾಸಾಯನಿಕ ಆಗಿಬರಲ್ಲ. ಬಿಲ್ಲೆಯೂ ಸೇರಿ 14 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಖಾಲಿ ವೃತ್ತ ಕಾಣುತ್ತೆ. ಮೈಟಿಸ್ ಸಾಮಾನ್ಯವಾಗಿ ಬಿಲ್ಲೆಯ ಅಂಚಿನವರೆಗೂ ಬೆಳೆಯುತ್ತೆ.

ಹಾಗಾದ್ರೆ ಕೆಲಸ ಮುಗೀತಾ? ಇಲ್ಲ. 2004ರಲ್ಲಿ ಮೂರನೆಯ ದಾಯಾದಿಯನ್ನು ವಿಜ್ಞಾನಿಗಳು ಗುರುತಿಸಿದರು: ಸ್ಟ್ರೆಪ್ಟೋಕಾಕಸ್ ಸ್ಯೂಡೋನ್ಯುಮೋನಿಯೇ. ಇನ್‌ಕ್ಯುಬೇಟರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದರೆ ಇದು ಆಪ್ಟೋಚಿನ್‌ಗೆ ಜಗ್ಗಲ್ಲ. ಸಾಮಾನ್ಯ ಗಾಳಿಯಲ್ಲಿ ಬೆಳೆಸಿದರೆ ಸೋತುಬಿಡುತ್ತೆ. ಅಂದರೆ ತಟ್ಟೆಯನ್ನು ಎಂಥ ಗಾಳಿಯಲ್ಲಿ ಇಟ್ಟಿದ್ದಿರಿ ಅನ್ನೋದರ ಮೇಲೆ ಉತ್ತರವೇ ಬದಲಾಗಬಹುದು. ಅದಕ್ಕೇ ಈ ಟೆಸ್ಟನ್ನು ಸುಮಾರು ಶೇ. 5ರಷ್ಟು ಕಾರ್ಬನ್ ಡೈಆಕ್ಸೈಡ್ ಇರುವಲ್ಲೇ ಮಾಡಬೇಕು.

ಅನುಮಾನ ಬಂದಾಗ ನೆರವಿಗೆ ಬರೋದು ಪಿತ್ತರಸದ ಪರೀಕ್ಷೆ. 1900ರಲ್ಲಿ ಜರ್ಮನಿಯ ಫ್ರೆಡ್ ನ್ಯೂಫೆಲ್ಡ್ ಗಮನಿಸಿದ ಸಂಗತಿ ಇದು: ಪಿತ್ತರಸ ಸೇರಿದರೆ ನ್ಯುಮೋಕಾಕಸ್ ಕರಗಿ ಹೋಗುತ್ತೆ. ಅದರೊಳಗೇ ತನ್ನ ಗೋಡೆಯನ್ನು ತಾನೇ ಒಡೆಯುವ ಒಂದು ಕಿಣ್ವ ಇದೆ, ಪಿತ್ತದ ಲವಣ ಅದನ್ನು ಕೆರಳಿಸುತ್ತೆ. ಬ್ಯಾಕ್ಟೀರಿಯಾದಿಂದ ಮಬ್ಬಾಗಿದ್ದ ಟ್ಯೂಬ್ ತಿಳಿಯಾಗುತ್ತೆ. ಉಳಿದಿಬ್ಬರ ಟ್ಯೂಬ್ ಮಬ್ಬಾಗಿಯೇ ಉಳಿಯುತ್ತೆ. ದೊಡ್ಡ ಲ್ಯಾಬ್‌ಗಳಲ್ಲಿ ಆ ಕಿಣ್ವದ ಜೀನನ್ನೇ ಪಿಸಿಆರ್‌ನಲ್ಲಿ ಹುಡುಕ್ತಾರೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ ಅಂತೀರಾ? ಗಂಟಲಿನ ಮೈಟಿಸ್ ಅನ್ನು ನ್ಯುಮೋಕಾಕಸ್ ಅಂದುಕೊಂಡರೆ, ಕಾಯಿಲೆಯ ನಿಜವಾದ ಕಾರಣವನ್ನು ಹುಡುಕೋದೇ ನಿಂತುಹೋಗಬಹುದು. ಇನ್ನೊಂದು ವಿಷಯ, ಮೈಟಿಸ್‌ನ ಎಷ್ಟೋ ತಳಿಗಳು ಪೆನಿಸಿಲಿನ್‌ಗೆ ಬಗ್ಗಲ್ಲ. ಅವು ನ್ಯುಮೋಕಾಕಸ್ ಲೆಕ್ಕಕ್ಕೆ ಸೇರಿದರೆ, 'ನ್ಯುಮೋಕಾಕಸ್‌ಗೆ ಪೆನಿಸಿಲಿನ್ ನಾಟುತ್ತಿಲ್ಲ' ಅನ್ನೋ ಅಂಕಿ ಸುಳ್ಳುಸುಳ್ಳೇ ಏರುತ್ತೆ. ವೈದ್ಯರು ಬೇಕಿಲ್ಲದಿದ್ದರೂ ಇನ್ನೂ ಪ್ರಬಲವಾದ ಔಷಧದ ಕಡೆ ವಾಲಬಹುದು.

ನಮ್ಮ ದೇಶದಲ್ಲಿ ಮಕ್ಕಳಿಗೆ ಸರ್ಕಾರ ಉಚಿತವಾಗಿ ಕೊಡುವ ಪಿಸಿವಿ ಲಸಿಕೆ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾಗಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಅದು ತಡೆಯೋದು ಇದೇ ನ್ಯುಮೋಕಾಕಸ್‌ನ ಆಯ್ದ ಬಗೆಗಳನ್ನು. ಲಸಿಕೆ ಎಷ್ಟು ಕೆಲಸ ಮಾಡ್ತಿದೆ ಅಂತ ತಿಳಿಯಬೇಕಾದರೂ ಲ್ಯಾಬ್ ಸರಿಯಾದ ಹೆಸರನ್ನೇ ಬರೆಯಬೇಕು.

ನೀವು ನೆನಪಿಡಬೇಕಾದ್ದು ಒಂದೇ. ಮನೇಲಿರೋ ಆ್ಯಂಟಿಬಯೋಟಿಕ್ ನುಂಗಿ ಆಸ್ಪತ್ರೆಗೆ ಹೋದರೆ, ತಟ್ಟೆಯಲ್ಲಿ ಏನೂ ಬೆಳೆಯದೇ ಇರಬಹುದು. ಆಗ ಈ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬರಲ್ಲ. ನೀವಾಗೇ ಔಷಧ ಶುರು ಮಾಡಬೇಡಿ. ಏನಾದ್ರೂ ಮೊದಲೇ ತಗೊಂಡಿದ್ರೆ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ.