ಸಣಕಲು ಮೈಯೆಂದು ಹೃದಯವನ್ನು ಮರೆಯದಿರೋಣ

“ನಾವೇನು ದಪ್ಪಗಿಲ್ಲವಲ್ಲ, ನಮಗೇಕೆ ಹೃದಯದ ಚಿಂತೆ?” ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಆದರೆ ಎಲ್ಲ ಜನಾಂಗಗಳ ಶರೀರಕ್ಕೂ ಒಂದೇ ಅಳತೆ ಸಲ್ಲುವುದಿಲ್ಲ.

52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ, ಭಾರತ ಮತ್ತು ನೆರೆದೇಶಗಳವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿನಲ್ಲಿ ಆಗಿದ್ದರೆ, ಉಳಿದ ದೇಶಗಳವರಿಗೆ ಸುಮಾರು 59ನೇ ವಯಸ್ಸಿನಲ್ಲಿ ಆಗಿತ್ತು. ಮಕ್ಕಳ ಓದು, ಮದುವೆಯ ಹೊಣೆ ಹೆಗಲ ಮೇಲಿರುವ ವಯಸ್ಸದು.

ಕಾರಣಗಳು ಎಲ್ಲರಿಗೂ ಒಂದೇ: ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಹೊಟ್ಟೆಯ ಬೊಜ್ಜು. ನಮ್ಮವರಲ್ಲಿ ಇವು ಬೇಗ ಕಾಣಿಸಿಕೊಳ್ಳುತ್ತವೆ. ತೂಕ, ಎತ್ತರ ಒಂದೇ ಇದ್ದರೂ ಯುರೋಪಿನವರಿಗಿಂತ ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಅದು ಹೊಟ್ಟೆಯೊಳಗೆ ಸೇರಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ.

ಆದ್ದರಿಂದಲೇ ಯುರೋಪಿನ ಗಂಡಸರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಮಟ್ಟ 94 ಸೆಂಟಿಮೀಟರ್ ಆದರೆ, ನಮ್ಮ ಗಂಡಸರಿಗೆ 90, ಹೆಂಗಸರಿಗೆ 80.

ಹಾಗಾದರೆ ನಾವೇನು ಮಾಡಬೇಕು? ಬಟ್ಟೆ ಹೊಲಿಯುವ ಟೇಪು ಹಿಡಿದು ಮನೆಯ ಎಲ್ಲ ದೊಡ್ಡವರ ಸೊಂಟ ಅಳೆಯೋಣ. 30 ದಾಟಿದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪರೀಕ್ಷಿಸಿಕೊಳ್ಳೋಣ. ಬೀಡಿ, ಸಿಗರೇಟು, ಗುಟ್ಕಾ ಬಿಡೋಣ. ದಿನಕ್ಕೆ ಅರ್ಧ ತಾಸು ಚುರುಕಾಗಿ ನಡೆಯೋಣ. ಬಿರಿಯಾನಿಯನ್ನು ಬಿಡಬೇಕಿಲ್ಲ, ಎಣ್ಣೆ, ಡಾಲ್ಡಾ ಕಡಿಮೆ ಮಾಡಿ, ತಟ್ಟೆಯಲ್ಲಿ ತರಕಾರಿ ಹೆಚ್ಚಿಸೋಣ.

ಅಬ್ಬಾನ ಜೊತೆ ಅಮ್ಮಿಯನ್ನೂ ತಪಾಸಣೆಗೆ ಕರೆದೊಯ್ಯಲು ಮರೆಯದಿರೋಣ. ಎಲ್ಲರ ಆರೈಕೆ ಮಾಡುವ ಅವರು ತಮ್ಮ ನೋವನ್ನು ಕೊನೆಗೆ ಹೇಳುತ್ತಾರೆ.