ನೀಲಿ ಬಟಾಣಿ, ನಿಂತ ವಿಮಾನ: ‘ದಿ ಏವಿಯೇಟರ್’ ಚಿತ್ರದಲ್ಲಿ ವಿಜ್ಞಾನ

ನೀವೊಂದು ಇಂಗ್ಲಿಷ್ ಸಿನಿಮಾ ನೋಡುತ್ತಿದ್ದೀರಿ ಎಂದುಕೊಳ್ಳಿ. ಸಿರಿವಂತರ ಊಟದ ಕೂಟ. ನಾಯಕನ ಮುಂದಿನ ತಟ್ಟೆಯಲ್ಲಿ ಬಟಾಣಿ ಕಾಳುಗಳಿವೆ. ಆದರೆ ಅವು ಹಸಿರಾಗಿಲ್ಲ, ನೀಲಿಯಾಗಿವೆ! ಟಿವಿಯ ಬಣ್ಣ ಕೆಟ್ಟಿದೆ ಎಂದು ಎದ್ದು ಹೋಗಿ ಸರಿಪಡಿಸಲು ಯತ್ನಿಸಬೇಡಿ. ಬಟಾಣಿ ನೀಲಿಯಾಗಿಯೇ ಕಾಣಬೇಕೆಂಬುದು ನಿರ್ದೇಶಕರ ಇಚ್ಛೆ.

ಈ ಚಿತ್ರದ ಹೆಸರು ‘ದಿ ಏವಿಯೇಟರ್’ (2004). ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ. ಅಮೆರಿಕದ ವಿಮಾನೋದ್ಯಮಿ ಹಾಗೂ ಚಲನಚಿತ್ರ ನಿರ್ಮಾಪಕ ಹೊವಾರ್ಡ್ ಹ್ಯೂಸ್ (1905–1976) ಪಾತ್ರದಲ್ಲಿ ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ್ದಾರೆ. ಛಾಯಾಗ್ರಹಣವೂ ಸೇರಿ ಐದು ಆಸ್ಕರ್ ಪ್ರಶಸ್ತಿಗಳು ಇದಕ್ಕೆ ದೊರೆತವು. ಹ್ಯೂಸ್‌ನ ತಂದೆ ತೈಲಬಾವಿ ಕೊರೆಯುವ ಯಂತ್ರಕ್ಕೆ ಹೊಸ ಬಗೆಯ ಬಿಟ್ ಒಂದನ್ನು ರೂಪಿಸಿ 1909ರಲ್ಲಿ ಪೇಟೆಂಟ್ ಪಡೆದಿದ್ದರು. ಬಂಡೆಯನ್ನು ಕೆರೆಯುವ ಬದಲು ಉರುಳುವ ಹಲ್ಲುಗಳಿಂದ ಪುಡಿಮಾಡುವ ಬಿಟ್ ಅದು. ಹದಿನೆಂಟರ ವಯಸ್ಸಿಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಹ್ಯೂಸ್‌ಗೆ ಉಳಿದದ್ದು ಆ ಬಿಟ್ ತಂದ ಅಪಾರ ಸಂಪತ್ತು. ಅದನ್ನು ಅವನು ಸಿನಿಮಾಕ್ಕೂ ವಿಮಾನಕ್ಕೂ ಸುರಿದ.

ಚಿತ್ರದ ಪ್ರೇಮ ಪ್ರಕರಣಗಳನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ನಮಗೆ ಬೇಕಾದದ್ದು ಅದರೊಳಗಿನ ಭೌತವಿಜ್ಞಾನ. ಪ್ರೌಢಶಾಲೆಯ ಪಾಠಕ್ಕೆ ಒದಗುವ ಪ್ರಸಂಗಗಳು ಇದರಲ್ಲಿ ಹಲವು ಇವೆ.

ಎಲೆಗೂ ಆಕಾಶಕ್ಕೂ ಒಂದೇ ಬಣ್ಣ

ಮೊದಲು ಬಟಾಣಿಯ ವಿಷಯ ಮುಗಿಸೋಣ. 1920ರ ದಶಕದ ವರ್ಣಚಿತ್ರಗಳು ಹೆಚ್ಚಾಗಿ ಎರಡೇ ಬಣ್ಣಗಳ ವಿಧಾನದಲ್ಲಿ ತಯಾರಾಗುತ್ತಿದ್ದವು. ಕ್ಯಾಮರಾ ಒಂದೇ ದೃಶ್ಯವನ್ನು ಎರಡು ಪ್ರತಿಗಳಲ್ಲಿ ದಾಖಲಿಸುತ್ತಿತ್ತು. ಒಂದರಲ್ಲಿ ಕೆಂಪು-ಕಿತ್ತಳೆ ಬೆಳಕು, ಇನ್ನೊಂದರಲ್ಲಿ ನೀಲಿ-ಹಸಿರು ಬೆಳಕು. ಅಂತಿಮ ಫಿಲ್ಮಿನಲ್ಲಿ ಕೆಂಪಿನ ದಾಖಲೆಗೆ ನೀಲಿ-ಹಸಿರು ವರ್ಣದ್ರವ್ಯವನ್ನೂ, ನೀಲಿ-ಹಸಿರಿನ ದಾಖಲೆಗೆ ಕೆಂಪು-ಕಿತ್ತಳೆ ವರ್ಣದ್ರವ್ಯವನ್ನೂ ಹಚ್ಚುತ್ತಿದ್ದರು. ಎಲ್ಲಿ ಕೆಂಪು ಬೆಳಕು ಇಲ್ಲವೋ ಅಲ್ಲಿ ನೀಲಿ-ಹಸಿರು ದ್ರವ್ಯ ದಟ್ಟವಾಗಿ ಕೂರುತ್ತದೆ ಎಂಬುದು ಇದರ ತಿರುಳು.

ಈಗ ಬಟಾಣಿಯನ್ನು ಈ ಯಂತ್ರಕ್ಕೆ ಒಡ್ಡಿ ನೋಡಿ. ಅದು ಕೆಂಪು ಬೆಳಕನ್ನು ಹೀರಿ ಹಸಿರನ್ನು ಪ್ರತಿಫಲಿಸುತ್ತದೆ. ಕೆಂಪಿನ ದಾಖಲೆಯಲ್ಲಿ ಬಟಾಣಿ ಕಪ್ಪು. ಆದ್ದರಿಂದ ನೀಲಿ-ಹಸಿರು ದ್ರವ್ಯ ಹೇರಳ. ಇನ್ನೊಂದು ದಾಖಲೆಯಲ್ಲಿ ಬಟಾಣಿ ಬೆಳಗಾಗಿರುವುದರಿಂದ ಕೆಂಪು ದ್ರವ್ಯ ಅತ್ಯಲ್ಪ. ಫಲಿತಾಂಶ ನೀಲಿ-ಹಸಿರು ಕಾಳು. ಅದನ್ನು ನಿಜವಾದ ಹಸಿರಾಗಿಸಲು ನೀಲಿಯನ್ನು ತಡೆಯುವ ಹಳದಿ ದ್ರವ್ಯ ಬೇಕು. ಅದು ಆ ವಿಧಾನದಲ್ಲಿ ಇರಲೇ ಇಲ್ಲ. ಆಕಾಶದ್ದೂ ಇದೇ ಕಥೆ. ಅದೂ ನೀಲಿ-ಹಸಿರಿಗೆ ಬಂದು ನಿಲ್ಲುತ್ತದೆ. ನಿಂಬೆಹಣ್ಣಂತೂ ಕೆಂಪು, ಹಸಿರು ಎರಡನ್ನೂ ಪ್ರತಿಫಲಿಸುವುದರಿಂದ ಬಿಳಿಚಿಕೊಳ್ಳುತ್ತದೆ. ಮನುಷ್ಯರ ಚರ್ಮ, ಮರದ ಪೀಠೋಪಕರಣ, ಮಣ್ಣು ಮಾತ್ರ ಪರವಾಗಿಲ್ಲ ಎನ್ನುವಂತೆ ಬರುತ್ತವೆ. ಜನರಿಗೆ ನಟನಟಿಯರ ಮುಖ ಸರಿಯಾಗಿ ಕಂಡರೆ ಸಾಕಿತ್ತು, ಹಾಗಾಗಿ ಈ ವಿಧಾನ ಹಲವು ವರ್ಷ ನಡೆಯಿತು.

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿವೆ. ಅದಕ್ಕೆ ತಕ್ಕಂತೆ ಮೂರು ದಾಖಲೆ ಮಾಡುವ ಟೆಕ್ನಿಕಲರ್ ವಿಧಾನ 1930ರ ದಶಕದಲ್ಲಿ ಬಂತು. ಇಡೀ ಚಿತ್ರ ಅದರಲ್ಲೇ ತಯಾರಾದ ಮೊದಲ ಪೂರ್ಣಾವಧಿ ಕಥಾಚಿತ್ರ ‘ಬೆಕಿ ಶಾರ್ಪ್’ 1935ರದು. ಸ್ಕಾರ್ಸೆಸಿ ಮಾಡಿದ್ದು ಇಷ್ಟೆ: ಕಥೆ 1935ಕ್ಕೆ ಹಿಂದೆ ಇರುವಷ್ಟು ಹೊತ್ತು, ಎಂದರೆ ಮೊದಲ ಸುಮಾರು 50 ನಿಮಿಷ, ಕಂಪ್ಯೂಟರಿನಲ್ಲಿ ಬಣ್ಣಗಳನ್ನು ಎರಡಕ್ಕೆ ಇಳಿಸಿದರು. ಆಮೇಲೆ ಹುಲ್ಲು ಹಸಿರಾಗುತ್ತದೆ. ಗಾಲ್ಫ್ ಮೈದಾನದ ದೃಶ್ಯವನ್ನು ಕೊನೆಯ ಭಾಗದ ಯಾವುದಾದರೂ ಹೊರಾಂಗಣ ದೃಶ್ಯದೊಡನೆ ಹೋಲಿಸಿ ನೋಡಿ. ತರಗತಿಯಲ್ಲಿ ಇದನ್ನೇ ಪ್ರಯೋಗವಾಗಿಸಬಹುದು. ಮಕ್ಕಳಿಗೆ ಕಿತ್ತಳೆ-ಕೆಂಪು ಮತ್ತು ನೀಲಿ-ಹಸಿರು, ಈ ಎರಡೇ ಬಣ್ಣದ ಪೆನ್ಸಿಲ್ ಕೊಟ್ಟು ಎಲೆ, ಆಕಾಶ, ನಿಂಬೆಹಣ್ಣು ಬರೆಯಲು ಹೇಳಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ.

ಮೋಡಕ್ಕಾಗಿ ಕಾಯುವಿಕೆ

ಹ್ಯೂಸ್ ನಿರ್ಮಿಸಿದ ‘ಹೆಲ್ಸ್ ಏಂಜಲ್ಸ್’ (1930) ಮೊದಲ ಮಹಾಯುದ್ಧದ ವಿಮಾನಗಳ ಕಥೆ. ‘ಏವಿಯೇಟರ್’ ಚಿತ್ರದಲ್ಲಿ ಅವನು ಕಾಳಗದ ದೃಶ್ಯಗಳನ್ನು ತೆರೆಯ ಮೇಲೆ ನೋಡಿ ನಿರಾಶನಾಗುತ್ತಾನೆ. ಅಷ್ಟು ವಿಮಾನಗಳು ಪ್ರಾಣ ಪಣಕ್ಕಿಟ್ಟು ಹಾರಿದರೂ ತೆರೆಯ ಮೇಲೆ ಆಟಿಕೆಗಳಂತೆ ನಿಂತಿವೆ! ಮೋಡ ಬೇಕು ಎಂದು ಹವಾಮಾನ ತಜ್ಞನೊಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾನೆ. (ಆ ಪ್ರೊಫೆಸರ್ ಕಥೆಗಾರರ ಸೃಷ್ಟಿ. ಮೋಡಕ್ಕಾಗಿ ಕಾದದ್ದು, ತಂಡವನ್ನು ಓಕ್ಲೆಂಡಿಗೆ ಸಾಗಿಸಿದ್ದು ನಿಜ.)

ಇದು ಸಾಪೇಕ್ಷ ಚಲನೆಯ ಪಾಠ. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತೆಂದು ಭ್ರಮಿಸುತ್ತೇವಲ್ಲ, ಅದೇ ತತ್ವ. ಕ್ಯಾಮರಾ ಹೊತ್ತ ವಿಮಾನವೂ ನಟನ ವಿಮಾನವೂ ಗಂಟೆಗೆ 160 ಕಿ.ಮೀ. ವೇಗದಲ್ಲಿ ಜೊತೆಜೊತೆಗೆ ಹಾರಿದರೆ ಅವುಗಳ ಸಾಪೇಕ್ಷ ವೇಗ ಸೊನ್ನೆ. ಹಿನ್ನೆಲೆ ಬರಿ ನೀಲಿ ಆಕಾಶವಾದರೆ ಚಲನೆಯನ್ನು ಅಳೆಯಲು ಕಣ್ಣಿಗೆ ಗುರುತೇ ಇಲ್ಲ.

ಕೆಳಗೆ ನೆಲ ಕಾಣುತ್ತದಲ್ಲ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. ಗಂಟೆಗೆ 160 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 44 ಮೀಟರ್. ನೆಲ 3 ಕಿ.ಮೀ. ದೂರದಲ್ಲಿದ್ದರೆ ಅದು ಸೆಕೆಂಡಿಗೆ ಒಂದು ಡಿಗ್ರಿಗೂ ಕಡಿಮೆ ಸರಿದಂತೆ ಕಾಣುತ್ತದೆ. ಅದೇ 100 ಮೀಟರ್ ದೂರದಲ್ಲಿ ಮೋಡದ ಅಂಚು ಇದ್ದರೆ ಅದು ಸೆಕೆಂಡಿಗೆ ಸುಮಾರು 25 ಡಿಗ್ರಿ ಹಿಂದೆ ಸರಿಯುತ್ತದೆ. ವಿಮಾನ ಈಗ ಬಾಣದಂತೆ ಓಡುತ್ತದೆ! ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಮರ ಹಿಂದಕ್ಕೆ ಓಡುವುದೂ ಚಂದ್ರ ನಮ್ಮ ಜೊತೆಯಲ್ಲೇ ಬರುವುದೂ ಇದೇ ಕಾರಣಕ್ಕೆ.

ತಲೆಯಿಲ್ಲದ ರಿವೆಟ್ಟು

ಚಿತ್ರದಲ್ಲಿ ಹ್ಯೂಸ್ ತನ್ನ ಹೊಸ ವಿಮಾನದ ಮೈಮೇಲೆ ಅಂಗೈ ಆಡಿಸುತ್ತಾನೆ. ಎಲ್ಲೂ ಏನೂ ತಡೆಯಕೂಡದು ಎಂಬುದು ಅವನ ಪಟ್ಟು. ಆ ವಿಮಾನ ಎಚ್-1. ವಿನ್ಯಾಸ ರಿಚರ್ಡ್ ಪಾಮರ್ ಅವರದು, ಕಟ್ಟಿದ್ದು ಗ್ಲೆನ್ ಓಡೆಕರ್ಕ್ ಅವರ ತಂಡ. ಅಂದಿನ ಬಹುತೇಕ ವಿಮಾನಗಳಲ್ಲಿ ತಗಡುಗಳನ್ನು ಜೋಡಿಸುವ ರಿವೆಟ್ಟುಗಳ ಗುಂಡು ತಲೆ ಹೊರಗೆ ಉಬ್ಬಿರುತ್ತಿತ್ತು. ಎಚ್-1ರಲ್ಲಿ ತಲೆಗಳನ್ನು ತಗಡಿನ ಮಟ್ಟಕ್ಕೆ ಹುದುಗಿಸಿದರು. ಚಕ್ರಗಳು ಹಾರಿದ ಮೇಲೆ ಒಳಗೆ ಮಡಚಿಕೊಳ್ಳುತ್ತಿದ್ದವು.

ಒಂದೆರಡು ಮಿಲಿಮೀಟರ್ ಉಬ್ಬಿನಿಂದ ಏನಾಗುತ್ತದೆ? ವಿಮಾನದ ಮೈಗೆ ತಾಗಿದ ಗಾಳಿ ಘರ್ಷಣೆಯಿಂದ ನಿಧಾನಗೊಂಡು ತೆಳುವಾದ ಪದರವಾಗುತ್ತದೆ. ಇದೇ ಸೀಮಾ ಪದರ. ರಿವೆಟ್ಟಿನ ತಲೆ ಇದನ್ನು ಕಲಕಿ ಸುಳಿ ಎಬ್ಬಿಸುತ್ತದೆ; ಪದರ ದಪ್ಪಗಾಗುತ್ತದೆ, ಎಳೆತ ಹೆಚ್ಚುತ್ತದೆ. ಇಂಥ ಸಾವಿರಾರು ತಲೆಗಳಿದ್ದರೆ ನಷ್ಟ ಸಣ್ಣದಲ್ಲ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ನೆಲದಿಂದ ಹಾರುವ ವಿಮಾನಗಳ ಹಿಂದಿನ ದಾಖಲೆ ಗಂಟೆಗೆ ಸುಮಾರು 505 ಕಿ.ಮೀ. ಇತ್ತು. 1935ರ ಸೆಪ್ಟೆಂಬರ್ 13ರಂದು ಹ್ಯೂಸ್ ಕ್ಯಾಲಿಫೋರ್ನಿಯಾದಲ್ಲಿ 567 ಕಿ.ಮೀ. ಮುಟ್ಟಿದ. ವೇಗ ಹೆಚ್ಚಿದ್ದು ಶೇ. 12. ಆಕಾರ ಬದಲಿಸದೆ ಎಂಜಿನ್ ಬಲದಿಂದಲೇ ಇದನ್ನು ಸಾಧಿಸಬೇಕಾದರೆ ಶೇ. 41ರಷ್ಟು ಹೆಚ್ಚು ಸಾಮರ್ಥ್ಯ ಬೇಕು (1.12ರ ಘನ ಮಾಡಿ ನೋಡಿ). ನುಣುಪು ಮೈ ಎಷ್ಟು ಅಗ್ಗದ ದಾರಿ ಎಂಬುದು ಇದರಿಂದ ತಿಳಿಯುತ್ತದೆ. ಅಂದು ಇಂಧನ ಮುಗಿದು ವಿಮಾನ ಬೀಟ್‌ರೂಟ್ ಹೊಲದಲ್ಲಿ ಇಳಿಯಿತು. ಚಿತ್ರದಲ್ಲಿ ಇದೂ ಇದೆ.

ಹಿಂದಕ್ಕೆ ತಳ್ಳಿದ ಪ್ರೊಪೆಲರ್

1946ರ ಜುಲೈ 7. ಬೇಹುಗಾರಿಕೆಯ ಫೋಟೋ ತೆಗೆಯಲೆಂದು ಕಟ್ಟಿದ ಎಕ್ಸ್‌ಎಫ್-11 ವಿಮಾನದ ಮೊದಲ ಹಾರಾಟ. ಇದರ ಎರಡು ಎಂಜಿನ್‌ಗಳಿಗೂ ಒಂದರ ಹಿಂದೊಂದು ಎರಡೆರಡು ಪ್ರೊಪೆಲರ್. ಅವು ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ಮುಂದಿನದು ಗಾಳಿಗೆ ಕೊಟ್ಟ ತಿರುಚನ್ನು ಹಿಂದಿನದು ನೇರಗೊಳಿಸಿ ಬಳಸಿಕೊಳ್ಳುತ್ತದೆ. ವಿಚಾರ ಸೊಗಸಾದದ್ದೇ.

ಆದರೆ ಪ್ರೊಪೆಲರಿನ ಅಲಗುಗಳ ಕೋನವನ್ನು ಹಿಡಿದಿಡುವುದು ಎಣ್ಣೆಯ ಒತ್ತಡ. ಬಲಗಡೆ ಎಣ್ಣೆ ಸೋರಿತು. ಹಿಂದಿನ ಪ್ರೊಪೆಲರಿನ ಅಲಗುಗಳು ಹಿಮ್ಮುಖ ಕೋನಕ್ಕೆ ತಿರುಗಿದವು. ಮನೆಯ ಸೀಲಿಂಗ್ ಫ್ಯಾನನ್ನು ನೆನೆಯಿರಿ. ಅದರ ರೆಕ್ಕೆಗಳ ಓರೆಯನ್ನು ಬದಲಿಸಿದರೆ ಅದೇ ದಿಕ್ಕಿಗೆ ಸುತ್ತಿದರೂ ಗಾಳಿ ಮೇಲಕ್ಕೆ ಹೋಗುತ್ತದೆ. ಇಲ್ಲಿ ಆದದ್ದೂ ಅದೇ. ಬಲ ಎಂಜಿನ್ನಿನ ಒಂದು ಪ್ರೊಪೆಲರ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ನೂಕತೊಡಗಿತು. ಎಡ ಎಂಜಿನ್ ಮಾತ್ರ ಪೂರ್ಣವಾಗಿ ಎಳೆಯುತ್ತಿದ್ದುದರಿಂದ ವಿಮಾನ ಬಲಕ್ಕೆ ತಿರುಚಿಕೊಂಡು ಎತ್ತರ ಕಳೆದುಕೊಂಡಿತು. ಬಲ ಎಂಜಿನ್ನಿಗೆ ಹೆಚ್ಚು ಶಕ್ತಿ ಕೊಟ್ಟರೆ ಹಿಮ್ಮುಖ ನೂಕೂ ಹೆಚ್ಚುತ್ತದೆ. ಕಡಿಮೆ ಮಾಡುವುದೇ ಪರಿಹಾರ. ಬೀಳುತ್ತಿರುವ ವಿಮಾನದಲ್ಲಿ ಕುಳಿತವನ ಕೈಗೆ ಇದು ಥಟ್ಟನೆ ಹೊಳೆಯುವುದು ಕಷ್ಟ. ವಿಮಾನ ಬೆವರ್ಲಿ ಹಿಲ್ಸ್ ಬಡಾವಣೆಯ ಮನೆಗಳಿಗೆ ಅಪ್ಪಳಿಸಿತು. ಹ್ಯೂಸ್ ಸುಟ್ಟಗಾಯ, ಮುರಿದ ಪಕ್ಕೆಲುಬುಗಳೊಂದಿಗೆ ಬದುಕಿದ. ನೋವಿಗಾಗಿ ಕೊಟ್ಟ ಔಷಧಿಯ ಚಟ ಕೊನೆಯವರೆಗೂ ಬಿಡಲಿಲ್ಲ.

ಚಿತ್ರ ಇದನ್ನು ಸಾಹಸಿಗನ ದುರದೃಷ್ಟವೆಂಬಂತೆ ತೋರಿಸುತ್ತದೆ. ವಾಯುಸೇನೆಯ ತನಿಖೆ ಅಷ್ಟು ಉದಾರವಾಗಿರಲಿಲ್ಲ. ನಿಗದಿಗಿಂತ ಹೆಚ್ಚು ಇಂಧನ ತುಂಬಿ, ಯೋಜನೆ ಮೀರಿ ಹಾರಿದ್ದು, ತುರ್ತುಕ್ರಮ ಕೈಗೊಳ್ಳದೇ ಹೋದದ್ದು ಅದರ ಆಕ್ಷೇಪಣೆ. ತರಗತಿಯಲ್ಲಿ ಈ ಮಾತನ್ನೂ ಹೇಳಬೇಕು. ಪರೀಕ್ಷಾ ಹಾರಾಟದಲ್ಲಿ ಬರೆದಿಟ್ಟ ಕ್ರಮವೇ ಜೀವರಕ್ಷಕ; ಆ ಕ್ರಮವೇ ತಪ್ಪಾದರೂ ಅನಾಹುತ. 2009ರ ಮಾರ್ಚ್ 6ರಂದು ಬೆಂಗಳೂರಿನಲ್ಲಿ ರೂಪಿಸಿದ ‘ಸಾರಸ್’ ವಿಮಾನದ ಎರಡನೆಯ ಮಾದರಿ ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಮಡಿದರು. ನಿಲ್ಲಿಸಿದ ಎಂಜಿನ್ನನ್ನು ಗಾಳಿಯಲ್ಲೇ ಮತ್ತೆ ಚಾಲೂ ಮಾಡುವ ಪರೀಕ್ಷೆ ಆಗ ನಡೆದಿತ್ತು. ಅದಕ್ಕೆ ಗೊತ್ತುಮಾಡಿದ್ದ ಕ್ರಮವೇ ಸರಿಯಿರಲಿಲ್ಲ ಎಂದು ತನಿಖೆ ಕಂಡುಕೊಂಡಿತು.

ಮರದ ದೈತ್ಯ

ಚಿತ್ರದ ಕೊನೆಗೆ ಬರುವ ಎಚ್-4 ‘ಹರ್ಕ್ಯುಲಿಸ್’ನ ರೆಕ್ಕೆಗಳ ಅಗಲ 97.5 ಮೀಟರ್. ಏರ್‌ಬಸ್ ಎ380ರದು 79.8 ಮೀಟರ್ ಮಾತ್ರ. 2019ರಲ್ಲಿ ‘ಸ್ಟ್ರಾಟೊಲಾಂಚ್’ ಹಾರುವವರೆಗೆ ಈ ದಾಖಲೆ ಉಳಿಯಿತು. ಯುದ್ಧಕಾಲದಲ್ಲಿ ಅಲ್ಯೂಮಿನಿಯಮ್ ದುರ್ಲಭವಾದ್ದರಿಂದ ಬರ್ಚ್ ಮರದ ತೆಳು ಹಾಳೆಗಳನ್ನು ರಾಳದಿಂದ ಅಂಟಿಸಿ ಕಟ್ಟಿದ ವಿಮಾನ ಇದು. ಪತ್ರಿಕೆಗಳು ಅದನ್ನು ‘ಸ್ಪ್ರೂಸ್ ಗೂಸ್’ ಎಂದು ಅಣಕಿಸಿದವು, ಸ್ಪ್ರೂಸ್ ಮರ ಹೆಚ್ಚೇನೂ ಇರದಿದ್ದರೂ. ಯುದ್ಧ ಮುಗಿದ ಮೇಲೂ ಹಾರದ ವಿಮಾನಕ್ಕೆ ಸರ್ಕಾರದ ಹಣ ಪೋಲಾಯಿತೆಂದು ಸೆನೆಟ್ ಸಮಿತಿ ವಿಚಾರಣೆ ನಡೆಸಿತು. 1947ರ ನವೆಂಬರ್ 2ರಂದು ಹ್ಯೂಸ್ ಅದನ್ನು ಲಾಂಗ್ ಬೀಚ್ ಬಂದರಿನ ನೀರಿನಿಂದ ಎಬ್ಬಿಸಿ ಸುಮಾರು 1.6 ಕಿ.ಮೀ. ಹಾರಿಸಿದ. ಎತ್ತರ ಸುಮಾರು 21 ಮೀಟರ್.

ಹಾರಿತು ನಿಜ. ಆದರೆ 21 ಮೀಟರ್ ಎಂದರೆ ರೆಕ್ಕೆಯ ಅಗಲದ ನಾಲ್ಕನೇ ಒಂದು ಭಾಗಕ್ಕೂ ಕಡಿಮೆ. ನೆಲ ಅಥವಾ ನೀರಿಗೆ ಇಷ್ಟು ಹತ್ತಿರ ಇರುವಾಗ ರೆಕ್ಕೆಯ ತುದಿಗಳಲ್ಲಿ ಏಳುವ ಸುಳಿಗಳು ಪೂರ್ತಿ ಬೆಳೆಯಲಾರವು. ಅದರಿಂದ ಪ್ರೇರಿತ ಎಳೆತ ಕುಗ್ಗುತ್ತದೆ. ರೆಕ್ಕೆಯ ಅಗಲದ ಕಾಲು ಭಾಗದಷ್ಟು ಎತ್ತರದಲ್ಲಿ ಈ ಉಳಿತಾಯ ಶೇ. 23ರಷ್ಟು, ಹತ್ತನೇ ಒಂದು ಭಾಗದಲ್ಲಿ ಶೇ. 47ರಷ್ಟು, ಅಗಲದಷ್ಟೇ ಎತ್ತರ ಏರಿದರೆ ಶೇ. 1.4 ಮಾತ್ರ. ತುಂಬಿದ ಹೊರೆಯೊಡನೆ ಹರ್ಕ್ಯುಲಿಸ್ ಮುಗಿಲಿಗೇರಬಲ್ಲದೇ ಎಂಬ ಪ್ರಶ್ನೆಗೆ ಆ ಒಂದು ಹಾರಾಟ ಉತ್ತರ ಕೊಡುವುದಿಲ್ಲ. ಅದು ಮತ್ತೆ ಹಾರಲೂ ಇಲ್ಲ. ಈಗ ಓರೆಗಾನ್ ರಾಜ್ಯದ ಮ್ಯಾಕ್‌ಮಿನ್‌ವಿಲ್‌ನ ಸಂಗ್ರಹಾಲಯದಲ್ಲಿದೆ.

ಕೈ ತೊಳೆಯುವ ಗೀಳು

ಶಿಕ್ಷಕರು ಈ ಚಿತ್ರದ ಒಂದು ಎಳೆಯನ್ನು ತಪ್ಪದೆ ನೋಡಬೇಕು. ಹ್ಯೂಸ್ ಸ್ವಂತ ಸಾಬೂನು ಜೇಬಿನಲ್ಲಿಟ್ಟು ತಿರುಗುತ್ತಾನೆ, ರಕ್ತ ಬರುವಷ್ಟು ಕೈ ಉಜ್ಜುತ್ತಾನೆ, ಬಾಗಿಲ ಹಿಡಿ ಮುಟ್ಟಲಾರದೆ ಶೌಚಾಲಯದಲ್ಲಿ ಸಿಕ್ಕಿಬೀಳುತ್ತಾನೆ, ಒಂದೇ ವಾಕ್ಯವನ್ನು ನಿಲ್ಲಿಸಲಾಗದೆ ಹೇಳುತ್ತಾನೆ. ಜನ ಇದನ್ನು ಸಿರಿವಂತನ ತಿಕ್ಕಲು ಎಂದರು. ಇದು ಗೀಳು ಮನೋರೋಗ. ಮಾಡುತ್ತಿರುವುದು ಅರ್ಥಹೀನ ಎಂಬುದು ರೋಗಿಗೆ ಹೆಚ್ಚಾಗಿ ಗೊತ್ತಿರುತ್ತದೆ. ಆದರೂ ‘ಏನೋ ಸರಿಯಿಲ್ಲ’ ಎಂಬ ಮಿದುಳಿನ ಎಚ್ಚರಿಕೆ ಅಡಗುವುದಿಲ್ಲ. ಮಿದುಳಿನ ಮುಂಭಾಗವನ್ನು ಒಳಗಿನ ನರಕೇಂದ್ರಗಳಿಗೆ ಜೋಡಿಸುವ ಮಂಡಲದಲ್ಲಿ ದೋಷ ಇರುತ್ತದೆಂದು ಸಂಶೋಧನೆಗಳು ಸೂಚಿಸುತ್ತವೆ. ಚಿತ್ರ ತಾಯಿಯ ಮೇಲೆ ಹೊಣೆ ಹೊರಿಸುವಂತಿದೆ. ಇಲ್ಲಿ ನನಗೆ ಒಪ್ಪಿಗೆಯಿಲ್ಲ, ಅನುವಂಶಿಕತೆಯ ಪಾತ್ರವೂ ಇದರಲ್ಲಿ ಇದೆ.

ಈ ರೋಗ ಹಲವರಲ್ಲಿ ಶಾಲಾ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಬರೆದದ್ದನ್ನು ಹಾಳೆ ಹರಿಯುವವರೆಗೆ ಅಳಿಸಿ ಬರೆಯುವ, ಕೈ ಒಡೆಯುವವರೆಗೆ ತೊಳೆಯುವ ಮಗು ನಿಮ್ಮ ತರಗತಿಯಲ್ಲೂ ಇರಬಹುದು. ಬೈದರೆ, ನಕ್ಕರೆ ಗೀಳು ಬಿಡದು. ಪೋಷಕರನ್ನು ಕರೆಸಿ ಮನೋವೈದ್ಯರ ಬಳಿ ಹೋಗುವಂತೆ ತಿಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ಭಯ ಹುಟ್ಟಿಸುವ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿ, ತೊಳೆಯದೆ ತಡೆದುಕೊಳ್ಳಲು ಕಲಿಸುವ ವರ್ತನ ಚಿಕಿತ್ಸೆಯಿಂದಲೂ ಔಷಧಿಗಳಿಂದಲೂ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಇವು ರೂಪುಗೊಂಡದ್ದು 1960ರ ದಶಕದ ನಂತರ. ಆ ಹೊತ್ತಿಗೆ ಹ್ಯೂಸ್ ಹೋಟೆಲ್ ಕೋಣೆಗಳ ಪರದೆ ಎಳೆದುಕೊಂಡು ಒಳಗೆ ಸೇರಿಯಾಗಿತ್ತು.

ಚಿತ್ರ 1947ಕ್ಕೆ ನಿಲ್ಲುತ್ತದೆ. ಅವನ ಹೆಸರಿನ ಪ್ರಯೋಗಾಲಯದಲ್ಲಿ 1960ರ ಮೇ 16ರಂದು ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು, 1966ರಲ್ಲಿ ಚಂದ್ರನ ಮೇಲೆ ಮೆಲ್ಲಗೆ ಇಳಿದ ‘ಸರ್ವೇಯರ್-1’ ಅವನ ಕಂಪನಿಯಲ್ಲಿ ತಯಾರಾದದ್ದು ಇದರಲ್ಲಿಲ್ಲ. 1953ರಲ್ಲಿ, ತೆರಿಗೆ ತಪ್ಪಿಸಲೆಂದು ಎಂಬ ಟೀಕೆಯ ನಡುವೆ, ಅವನು ತೆರೆದ ವೈದ್ಯಕೀಯ ಸಂಸ್ಥೆ ಮುಂದೆ ಜೀವವಿಜ್ಞಾನ ಸಂಶೋಧನೆಗೆ ಹಣ ಒದಗಿಸುವ ಬಹು ದೊಡ್ಡ ಖಾಸಗಿ ಸಂಸ್ಥೆಗಳಲ್ಲಿ ಒಂದಾಯಿತು. 1976ರ ಏಪ್ರಿಲ್ 5ರಂದು ಹ್ಯೂಸ್ ತೀರಿಕೊಂಡದ್ದು ವಿಮಾನದಲ್ಲೇ, ಮೆಕ್ಸಿಕೊದಿಂದ ತನ್ನ ಹುಟ್ಟೂರು ಹ್ಯೂಸ್ಟನ್ನಿನ ಆಸ್ಪತ್ರೆಗೆ ಸಾಗಿಸುವಾಗ. ದೇಹ ಅವನದೇ ಎಂದು ಖಚಿತಪಡಿಸಿಕೊಳ್ಳಲು ಬೆರಳಚ್ಚು ತೆಗೆಯಬೇಕಾಯಿತು.